ಗದಗ, ಕಟಕ, ಸಿರಸಿ: ತಿರುಗಿಸಿ ಓದಿದರೂ ಅದೇ ಊರು

ಅಕ್ಷರಗಣಿತ:
ಊರ ಹೆಸರುಗಳಲ್ಲಿ ಗತಪ್ರತ್ಯಾಗತ ಹುಡುಕೋಣ ಅಂತ ಈ ಎಳೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಪದ ಸಿಗಬೇಕು, ‘ವಿಕಟಕವಿ’ಯ ಹಾಗೆ. ಕನ್ನಡನಾಡಿನಲ್ಲಿ ಮೊದಲು ಹೇಳಬೇಕಾದ ಹೆಸರು ಗದಗ. ಗ-ದ-ಗ. ಇಂಗ್ಲಿಷಿನಲ್ಲಿ ಜಿ-ಎ-ಡಿ-ಎ-ಜಿ ಅಂತ ಬರೆದರೂ ಹಾಗೇ ತಿರುಗುತ್ತದೆ. ಗದಗ ಜಂಕ್ಷನ್ನಿನ ರೈಲ್ವೆ ಸಂಕೇತ ಜಿಡಿಜಿ, ಅದೂ ತಿರುಗುತ್ತದೆ. ಮೂರು ಕಡೆಯಿಂದಲೂ ಗೆದ್ದ ಊರು.

ಮುಂದಕ್ಕೆ ಹೋಗುವ ಮೊದಲು ಎಣಿಕೆಯ ಕ್ರಮ ಗಟ್ಟಿ ಮಾಡಿಕೊಳ್ಳೋಣ, ಇಲ್ಲದಿದ್ದರೆ ಆಮೇಲೆ ಜಗಳ. ನಾವು ಎಣಿಸುವುದು ಅಕ್ಷರ, ಇಂಗ್ಲಿಷಿನವರು ಎಣಿಸುವ ಬಿಡಿ ಲಿಪಿಚಿಹ್ನೆ ಅಲ್ಲ. ಒತ್ತಕ್ಷರ ಎಷ್ಟೇ ದೊಡ್ಡದಿದ್ದರೂ ಒಂದೇ ಅಕ್ಷರ. ಹ್ರಸ್ವ ಬೇರೆ, ದೀರ್ಘ ಬೇರೆ. ಅಲ್ಪಪ್ರಾಣ ಬೇರೆ, ಮಹಾಪ್ರಾಣ ಬೇರೆ. ಅನುಸ್ವಾರ ತನ್ನ ಹಿಂದಿನ ಅಕ್ಷರದ ಜೊತೆಗೇ ಇರುತ್ತದೆ, ಅದನ್ನು ಕಿತ್ತು ಬೇರೆ ಎಣಿಸುವಂತಿಲ್ಲ. ಆದ್ದರಿಂದ ‘ಪಂಪ’ ನಡೆಯುವುದಿಲ್ಲ: ಪಂ-ಪ ತಿರುಗಿದರೆ ಪ-ಪಂ. ಕೊನೆಯದು, ಕಾಗುಣಿತ ನಾಮಫಲಕದಲ್ಲೋ ಪತ್ರಿಕೆಯಲ್ಲೋ ನಿಜವಾಗಿ ಬಳಕೆಯಲ್ಲಿ ಇರುವುದಾಗಿರಬೇಕು. ಆಟಕ್ಕೋಸ್ಕರ ಊರಿನ ಹೆಸರು ತಿರುಚಬಾರದು.

ಬೆಟಗೇರಿ ದಾರಿ:
ಗದಗದ ವಿಷಯದಲ್ಲಿ ಒಂದು ಮಾತು. ಹಳೆಯ ಸಾಹಿತ್ಯದಲ್ಲೂ ಹಿರಿಯರ ಬಾಯಲ್ಲೂ ಅದು ‘ಗದುಗು’. ವೀರನಾರಾಯಣ ಅಂದರೆ ಗದುಗಿನ ವೀರನಾರಾಯಣ. ಗ-ದು-ಗು ತಿರುಗಿಸಿದರೆ ಗು-ದು-ಗ, ಕೆಲಸಕ್ಕೆ ಬರುವುದಿಲ್ಲ. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆ ಆದಾಗ ಗದಗ ಅನ್ನುವ ರೂಪದಲ್ಲೇ ಆಯಿತು, ಬಸ್ಸಿನ ಬೋರ್ಡಿನ ಮೇಲೂ ಅದೇ. ಹಾಗಾಗಿ ನಿಮ್ಮ ಕೊನೆಯ ನಿಯಮದ ಪ್ರಕಾರ ಗದಗ ಪಾಸು. ಆದರೆ ತಿರುಗುವುದು ಈಗಿನ ರೂಪ, ಹಳೆಯದಲ್ಲ ಅನ್ನುವುದು ದಾಖಲಾಗಿರಲಿ.

ಉಚ್ಚಾರದ ಹಿಂದೆ:
ಅಕ್ಷರವನ್ನೇ ಎಣಿಸಬೇಕು ಅನ್ನುವುದಕ್ಕೆ ಗದಗವೇ ಒಳ್ಳೆಯ ಸಾಕ್ಷಿ. ಧ್ವನಿ ಬಿಡಿಸಿ ನೋಡಿ: ಗ್-ಅ-ದ್-ಅ-ಗ್-ಅ. ತಿರುಗಿಸಿದರೆ ಅ-ಗ್-ಅ-ದ್-ಅ-ಗ್, ಅಂದರೆ ‘ಅಗದಗ್’. ರೆಕಾರ್ಡ್ ಮಾಡಿ ಹಿಮ್ಮುಖವಾಗಿ ನುಡಿಸಿದರೆ ಕೇಳುವುದೂ ಅದೇ. ಇಂಗ್ಲಿಷ್ ಬರಹದಲ್ಲಿ ಕೊನೆಯ ‘ಅ’ ಬಿಟ್ಟುಬಿಡುತ್ತಾರೆ, ಅದಕ್ಕೇ ಅಲ್ಲಿ ತಿರುಗುತ್ತದೆ. ‘ಗದಗ’ ಅನ್ನುವುದನ್ನು ಪೂರ್ತಿ ಆರು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಅಲ್ಲೇ ಮುರಿಯುತ್ತದೆ. ಕನ್ನಡದಲ್ಲಿ ತಿರುಗುವ ಕಾರಣ ಒಂದು, ಇಂಗ್ಲಿಷಿನಲ್ಲಿ ತಿರುಗುವ ಕಾರಣ ಇನ್ನೊಂದು. ಎರಡೂ ಒಂದೇ ಊರಿನಲ್ಲಿ ಕೂಡಿಬಂದಿವೆ ಅಷ್ಟೆ.

ಧ್ವನಿಯಲ್ಲಿ ತಿರುಗುವ ಊರು ಬೇಕಾದರೆ ಬೊಲಿವಿಯಾದ ಒರುರೊ ನೋಡಿ: ಒ-ರ್-ಉ-ರ್-ಒ. ಇಥಿಯೋಪಿಯಾದ ಅಸೋಸ ಕೂಡ: ಅ-ಸ್-ಓ-ಸ್-ಅ. ಇವೆರಡೂ ಅಕ್ಷರದ ಲೆಕ್ಕದಲ್ಲಿ ಸೋಲುತ್ತವೆ. ಕನ್ನಡದ ಊರುಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಧ್ವನಿಯಲ್ಲಿ ತಿರುಗಬೇಕಾದರೆ ಅದೇ ಸ್ವರದಿಂದ ಶುರುವಾಗಬೇಕು. ವ್ಯಂಜನದಿಂದ ಶುರುವಾಗುವ ಊರುಗಳೆಲ್ಲ ಹೊಸ್ತಿಲಲ್ಲೇ ಬಿದ್ದುಹೋಗುತ್ತವೆ.

ಪದಬಂಧಪ್ರಿಯ:
ಕನ್ನಡದಲ್ಲಿ ಇಂಥ ಊರು ಏಕೆ ಇಷ್ಟು ಕಡಿಮೆ ಅನ್ನುವುದಕ್ಕೂ ಸ್ಪಷ್ಟ ಕಾರಣವಿದೆ: ನಮ್ಮ ಊರ ಹೆಸರಿನ ಬಾಲ. ‘ಹಳ್ಳಿ’ಯಲ್ಲಿ ಮುಗಿಯುವ ಹೆಸರು ತಿರುಗಬೇಕಾದರೆ ‘ಳ್ಳಿ’ಯಿಂದ ಶುರುವಾಗಬೇಕು, ಕನ್ನಡದಲ್ಲಿ ಳಕಾರದಿಂದ ಪದವೇ ಶುರುವಾಗುವುದಿಲ್ಲ. ‘ಪಟ್ಟಣ’ಕ್ಕೆ ಣಕಾರದ ಆರಂಭ ಬೇಕು, ಅದೂ ಇಲ್ಲ. ‘ಪುರ’ಕ್ಕೆ ‘ರಪು’, ‘ಕೆರೆ’ಗೆ ‘ರೆಕೆ’, ‘ವಾಡಿ’ಗೆ ‘ಡಿವಾ’. ಕಡೂರು, ಬೇಲೂರು, ಮಾಲೂರು ಇವುಗಳಿಗೆ ‘ರುಡೂ’, ‘ರುಲೂ’ ಅಂತ ಶುರುವಾಗುವ ಊರು ಹುಡುಕಬೇಕು. ಈ ಬಾಲಗಳಿರುವ ಹೆಸರನ್ನೆಲ್ಲ ಒಂದೇ ಏಟಿಗೆ ಬದಿಗಿಟ್ಟರೆ ಪಟ್ಟಿಯ ಬಹುಪಾಲು ಖಾಲಿ. ಉಳಿಯುವುದು ಬಾಲವಿಲ್ಲದ, ಮೂರಕ್ಷರದ ಗಿಡ್ಡ ಹೆಸರುಗಳು: ಕಳಸ, ಕಡಬ, ಸೊರಬ, ಹಾಸನ, ಸಾಗರ, ಗದಗ. ಅಲ್ಲಿ ನೋಡಬೇಕಾದದ್ದು ಮೊದಲನೆಯದೂ ಮೂರನೆಯದೂ ಒಂದೇನಾ ಅಂತ ಮಾತ್ರ.

ಇಡೀ ಹೆಸರು ತಿರುಗದಿದ್ದರೂ ಒಳಗೆ ತಿರುಗುವ ತುಂಡು ಇರುವ ಊರುಗಳಿವೆ. ಕನಕಪುರ, ಕನಕಗಿರಿಯಲ್ಲಿ ‘ಕನಕ’. ಕಾರವಾರದಲ್ಲಿ ‘ಕಾ’ ತೆಗೆದರೆ ‘ರವಾರ’. ಸುರಪುರದಲ್ಲಿ ‘ರಪುರ’; ಪುರದ ಹಿಂದೆ ರಕಾರ ಬಂದಲ್ಲೆಲ್ಲ ಇದು ತಾನಾಗಿ ಆಗುತ್ತದೆ.

ಮಲೆನಾಡ ಓದುಗ:
ಸಿರಸಿ ಬಿಟ್ಟಿರಲ್ಲ! ಸಿ-ರ-ಸಿ.

ಅಕ್ಷರಗಣಿತ:
ಬಿಟ್ಟಿಲ್ಲ, ಅನುಮಾನಕ್ಕೆ ಬದಿಗಿಟ್ಟಿದ್ದೆ. ಪತ್ರಿಕೆಗಳಲ್ಲಿ ಹೆಚ್ಚು ಕಾಣುವುದು ‘ಶಿರಸಿ’. ಶಿ-ರ-ಸಿ ತಿರುಗಿದರೆ ಸಿ-ರ-ಶಿ. ಒಂದು ಗೆರೆಯ ಅಂತರದಲ್ಲಿ ಸೋಲು.

ಮಲೆನಾಡ ಓದುಗ:
ಮೂರು ರೂಪಗಳೂ ಬಳಕೆಯಲ್ಲಿವೆ: ಶಿರಸಿ, ಸಿರಸಿ, ಸಿರ್ಸಿ. ಮಾತಿನಲ್ಲಿ ‘ಸಿರ್ಸಿ’ ಅಂತಲೇ ಕೇಳುವುದು. ಅದರಲ್ಲಿ ಎರಡೇ ಅಕ್ಷರ, ಸಿ ಮತ್ತು ರ್ಸಿ, ತಿರುಗುವುದಿಲ್ಲ. ಇಂಗ್ಲಿಷ್ ಬರಹವೂ ಇದನ್ನೇ ಹಿಡಿದಿದೆ, ಅಲ್ಲೂ ತಿರುಗುವುದಿಲ್ಲ. ಮೂರರಲ್ಲಿ ಒಂದು ಮಾತ್ರ ತಿರುಗುತ್ತದೆ. ಆದರೆ ಆ ರೂಪ ಈ ಆಟಕ್ಕಾಗಿ ಹುಟ್ಟಿದ್ದಲ್ಲ. ಸಿರಸಿ ಅಂತ ಬರೆಯುವವರು ಸಾಕಷ್ಟು ಜನ ಇದ್ದಾರೆ. ನಿಮ್ಮದೇ ನಿಯಮ, ಬಳಕೆಯಲ್ಲಿದ್ದರೆ ಸಾಕು ಅಂತ.

ಅಕ್ಷರಗಣಿತ:
ಒಪ್ಪಿದೆ. ಪಟ್ಟಿಯಲ್ಲಿ ‘ಸಿರಸಿ (ಶಿರಸಿ ಅಂತ ಬರೆದರೆ ಇಲ್ಲ)’ ಅಂತ ಹಾಕೋಣ.

ಮಹಾನದಿ ತೀರ:
ಒಡಿಶಾದ ಕಟಕವನ್ನು ಸೇರಿಸಿ. ಕ-ಟ-ಕ. ಕಟಕ ಅಂದರೆ ಸೈನ್ಯದ ಬೀಡು, ರಾಜಧಾನಿ. ಊರಿನ ಹೆಸರು ಅದೇ ಪದ. ನಮ್ಮ ಪತ್ರಿಕೆಗಳು ಹಿಂದಿ, ಇಂಗ್ಲಿಷ್ ದಾರಿಯಲ್ಲಿ ಬಂದ ‘ಕಟಕ್’ ಬಳಸುತ್ತವೆ. ಆಗ ಕೊನೆಯಲ್ಲಿ ಅರ್ಧಾಕ್ಷರ ಉಳಿದು ‘ಕ’ ಮತ್ತು ‘ಕ್’ ಬೇರೆಯಾಗಿಬಿಡುತ್ತವೆ. ಒಡಿಯಾದಲ್ಲಿ ಕೊನೆಯ ಅಕಾರವನ್ನು ಪೂರ್ತಿ ನುಡಿಯುತ್ತಾರೆ, ಕನ್ನಡದ ಹಾಗೇ. ಹಾಗಾಗಿ ‘ಕಟಕ’ ಅಂತ ಬರೆಯುವುದೇ ಆ ಊರಿನವರ ಉಚ್ಚಾರಕ್ಕೆ ಹತ್ತಿರ, ಆಟದಲ್ಲೂ ನಿಲ್ಲುತ್ತದೆ. ರೈಲ್ವೆ ಸಂಕೇತ ಇಲ್ಲೂ ತಿರುಗುತ್ತದೆ: ಸಿಟಿಸಿ. ಇಂಗ್ಲಿಷ್ ಕಾಗುಣಿತ ಮಾತ್ರ ಬ್ರಿಟಿಷರ ಕಾಲದ್ದು, ಏಳು ಅಕ್ಷರದ್ದು, ತಿರುಗುವುದಿಲ್ಲ.

ಕಡಲಾಚೆ ಕನ್ನಡ:
ಹೊರದೇಶದ ಊರುಗಳನ್ನು ಕನ್ನಡದಲ್ಲಿ ಬರೆದಾಗ ಹೊಸ ಬಾಗಿಲು ತೆರೆಯುತ್ತದೆ. ಇಂಗ್ಲಿಷಿನಲ್ಲಿ ತಿರುಗದ ಮೂರು ಊರುಗಳು ನಮ್ಮಲ್ಲಿ ತಿರುಗುತ್ತವೆ.

ಬಹರೇನಿನ ರಾಜಧಾನಿ ಮನಾಮ: ಮ-ನಾ-ಮ. ಕೊನೆಗೆ ದೀರ್ಘ ಕೊಟ್ಟು ‘ಮನಾಮಾ’ ಅಂದರೆ ಹೋಯಿತು.

ಮಿಯಾಮಿ: ಮಿ-ಯಾ-ಮಿ. ಅಮೆರಿಕದವರ ಉಚ್ಚಾರ ‘ಮಯಾಮಿ’ಗೆ ಹತ್ತಿರ, ಹಾಗೂ ಬರೆಯುತ್ತಾರೆ, ಆಗ ತಿರುಗುವುದಿಲ್ಲ.

ಟೊರಾಂಟೊ: ಟೊ-ರಾಂ-ಟೊ. ಇದು ನನಗೆ ಎಲ್ಲಕ್ಕಿಂತ ಚೆಂದ ಕಾಣುತ್ತದೆ, ಅನುಸ್ವಾರ ನಡುವಿನ ಅಕ್ಷರಕ್ಕೆ ಅಂಟಿ ಕೂತಿರುವುದರಿಂದ. ‘ಟೊರೊಂಟೊ’ ಅಂತ ಬರೆದರೂ ನಡೆಯುತ್ತದೆ. ಎರಡೂ ತುದಿಯ ‘ಟೊ’ ಹ್ರಸ್ವವೇ ಇರಬೇಕು, ಒಂದನ್ನು ‘ಟೋ’ ಮಾಡಿದರೆ ಕೆಟ್ಟಿತು.

ಉಲ್ಟಾ ದಿಕ್ಕಿನಲ್ಲೂ ನೋಡಿ: ಇಂಗ್ಲಿಷಿನಲ್ಲಿ ಹೆಸರುವಾಸಿಯಾದ ಗ್ಲೆನೆಲ್ಗ್ ಕನ್ನಡ ಲಿಪಿಗೆ ಬಂದ ಕೂಡಲೇ ಮುರಿಯುತ್ತದೆ. ಸ್ಕಾಟ್ಲೆಂಡಿನ ಹಳ್ಳಿ ಅದು. ಅದೇ ಹೆಸರನ್ನು ನಾಸಾದವರು 2012ರಲ್ಲಿ ಮಂಗಳ ಗ್ರಹದಲ್ಲಿ ಕ್ಯೂರಿಯಾಸಿಟಿ ರೋವರ್ ಹೋಗಬೇಕಿದ್ದ ಜಾಗಕ್ಕೆ ಇಟ್ಟರು. ರೋವರ್ ಆ ಜಾಗವನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಬೇಕಿತ್ತು, ಎರಡು ದಿಕ್ಕಿನಿಂದ ಓದುವ ಹೆಸರು ಅದಕ್ಕೆ ಒಪ್ಪಿತು. ಅರ್ಜೆಂಟೀನಾದ ನೆಯುಕೆನ್, ಐರ್ಲೆಂಡಿನ ನಾವನ್ ಕೂಡ ರೋಮನ್ ಲಿಪಿಯಲ್ಲಷ್ಟೇ ತಿರುಗುವವು.

ಪದಬಂಧಪ್ರಿಯ:
ತಿರುಗಿಸಿದಾಗ ಅದೇ ಪದ ಬರದೆ ಬೇರೆ ಅರ್ಥವುಳ್ಳ ಪದ ಬರುವುದೂ ಇದೆ. ಆಟಕ್ಕೆ ಇದೇ ಹೆಚ್ಚು ಫಲವತ್ತು.

ಶಿರಾ ತಿರುಗಿದರೆ ರಾಶಿ. ‘ಸಿರಾ’ ಅಂತ ಬರೆಯುವವರಿಗೆ ‘ರಾಸಿ’, ಅದೂ ರಾಶಿಯ ತದ್ಭವವೇ. ಈ ಬಗೆಯ ತಿರುವಿನಲ್ಲಿ ಎರಡು ಕಾಗುಣಿತದಲ್ಲೂ ಗೆಲ್ಲುವ ಊರು ನನಗೆ ಸಿಕ್ಕಿದ್ದು ಇದೊಂದೇ. ಗಯಾ ತಿರುಗಿದರೆ ಯಾಗ. ಪುರಿ ತಿರುಗಿದರೆ ರಿಪು. ತಾಪಿ ನದಿ ತಿರುಗಿದರೆ ಪಿತಾ. ಕಡಬ ತಿರುಗಿದರೆ ಬಡಕ, ಬಾಯಿಬಡಕನಲ್ಲಿರುವ ಬಡಕ. ಮಾಲಿ ದೇಶ ತಿರುಗಿದರೆ ಪೆರು ದೇಶದ ರಾಜಧಾನಿ ಲಿಮಾ. ಇಂಗ್ಲಿಷ್ ಅಕ್ಷರಗಳಲ್ಲಿ ಇದು ಆಗುವುದೇ ಇಲ್ಲ.

ಟೋಕ್ಯೋ ಮತ್ತು ಕ್ಯೋಟೋ ಕೂಡ. ಇಂಗ್ಲಿಷಿನಲ್ಲಿ ಅದು ಬರೀ ಅಕ್ಷರಪಲ್ಲಟ. ಕನ್ನಡದಲ್ಲಿ ಎರಡೇ ಅಕ್ಷರ, ನೇರ ತಿರುವು. ‘ಟೋಕಿಯೋ’ ಅಂತ ಬಿಡಿಸಿ ಬರೆದರೆ ಮೂರಕ್ಷರವಾಗಿ ಆಟ ಕೆಡುತ್ತದೆ. ಜಪಾನಿನವರ ಬರಹದಲ್ಲಿ ಇವು ತಿರುವುಮುರುವಲ್ಲ: ಒಂದು ‘ಪೂರ್ವದ ರಾಜಧಾನಿ’, ಇನ್ನೊಂದರಲ್ಲಿ ರಾಜಧಾನಿ ಅನ್ನುವ ಚಿಹ್ನೆ ಮಾತ್ರ ಸಮಾನ.

ಮಹಾನದಿ ತೀರ:
ಪುರಿಗೆ ಒಂದು ಎಚ್ಚರಿಕೆ. ಒಡಿಯಾದಲ್ಲೂ ಸಂಸ್ಕೃತದಲ್ಲೂ ಅದು ‘ಪುರೀ’, ದೀರ್ಘ. ರಿಪುವಿನ ರಿ ಹ್ರಸ್ವ. ತಿರುವು ನಿಲ್ಲುವುದು ಕನ್ನಡದಲ್ಲಿ ರೂಢಿಯಾದ ಹ್ರಸ್ವ ‘ಪುರಿ’ಯಲ್ಲಿ.

ಅಂದಹಾಗೆ ಎರಡನ್ನೂ ಕೂಡಿಸಿದರೆ: ‘ಪುರಿ ಕಟಕ ರಿಪು’. ಪು-ರಿ-ಕ-ಟ-ಕ-ರಿ-ಪು. ಪುರಿಯು ಕಟಕಕ್ಕೆ ರಿಪು ಅಂತ ಸಮಾಸವಾಗಿ ಓದಬಹುದು. ಎರಡೂ ಒಡಿಶಾದ ಊರುಗಳೇ. ಅರ್ಥ ಬರೀ ವ್ಯಾಕರಣದ್ದು, ಆ ಊರುಗಳ ನಡುವೆ ಹ‌ಗೆಯೇನೂ ಇಲ್ಲ.

ಪದಬಂಧಪ್ರಿಯ:
ಆಹಾ! ಹಾಗಾದರೆ ‘ಶಿರಾ ಗದಗ ರಾಶಿ’ ಕೂಡ ಆಯಿತು. ಶಿ-ರಾ-ಗ-ದ-ಗ-ರಾ-ಶಿ. ಎರಡೂ ಶೇಂಗಾ ಬೆಳೆಯುವ ಸೀಮೆ, ಕಣದಲ್ಲಿ ರಾಶಿ ಆಗುವ ಮಾತು ಸಹಜವಾಗಿದೆ.

ಕೋಡ್ ಕನ್ನಡ:
ಪಟ್ಟಿಯನ್ನು ಕಂಪ್ಯೂಟರಿಗೆ ಕೊಟ್ಟು ಹುಡುಕುವವರಿಗೆ ಒಂದೆರಡು ಮಾತು. ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಪದವನ್ನು ನೇರ ತಿರುಗಿಸಿ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ, ಎರಡೂ ಕಡೆ ತಪ್ಪು.

ಕಂಪ್ಯೂಟರಿನಲ್ಲಿ ಅಕ್ಷರ ಉಳಿಸುವ ಕ್ರಮವಾದ ಯೂನಿಕೋಡಿನಲ್ಲಿ ಸ್ವರಚಿಹ್ನೆಗೆ ಬೇರೆ ಸಂಕೇತ. ‘ಮನಾಮ’ ಒಳಗೆ ಇರುವುದು ಮ, ನ, ದೀರ್ಘದ ಚಿಹ್ನೆ, ಮ. ತಿರುಗಿಸಿದರೆ ಮ, ದೀರ್ಘ, ನ, ಮ, ಅಂದರೆ ‘ಮಾನಮ’. ಪ್ರೋಗ್ರಾಂ ‘ಇಲ್ಲ’ ಅನ್ನುತ್ತದೆ. ‘ಸಿರಸಿ’ ತಿರುಗಿಸಿದರೆ ಗುಡಿಸು ಮೊದಲೇ ಬಂದು ಚುಕ್ಕೆವೃತ್ತ ಕಾಣುತ್ತದೆ. ಇನ್ನೊಂದು ಕಡೆ, ‘ಕಾಕ’ದಲ್ಲಿ ಇರುವುದು ಕ, ದೀರ್ಘ, ಕ. ಪ್ರೋಗ್ರಾಂ ‘ಹೌದು’ ಅನ್ನುತ್ತದೆ, ನಮ್ಮ ಲೆಕ್ಕದಲ್ಲಿ ಕಾ ಬೇರೆ, ಕ ಬೇರೆ. ‘ಪಂಪ’ಕ್ಕೂ ಹೀಗೇ ತಪ್ಪು ‘ಹೌದು’. ಗದಗ, ಕಟಕ ಎರಡರಲ್ಲೂ ಸ್ವರಚಿಹ್ನೆಯೇ ಇಲ್ಲ, ಹಾಗಾಗಿ ಅವೆರಡನ್ನೇ ಕೊಟ್ಟು ಪರೀಕ್ಷಿಸಿದವರಿಗೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಪರೀಕ್ಷೆಗೆ ಮನಾಮ, ಕಾಕ, ಪಂಪ, ಕ್ಯೋಟೋ ಈ ನಾಲ್ಕನ್ನು ಕಡ್ಡಾಯವಾಗಿ ಇಟ್ಟುಕೊಳ್ಳಿ.

ಸರಿಯಾದ ಕ್ರಮ ಹೀಗೆ. ಮೊದಲು ಪದವನ್ನು, ಒಂದೇ ಚಿಹ್ನೆಯನ್ನು ಯಾವಾಗಲೂ ಒಂದೇ ಬಗೆಯಲ್ಲಿ ಉಳಿಸುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಏಕೆಂದರೆ ‘ಟೊ’ದಲ್ಲಿರುವ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಉಳಿಸಬಹುದು, ಕಣ್ಣಿಗೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ. ಆಮೇಲೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಜೋಡಕಗಳನ್ನು ತೆಗೆಯಿರಿ. ನಂತರ ಅಕ್ಷರ ಬಿಡಿಸಿ: ಒಂದು ವ್ಯಂಜನ, ಅದರ ಬೆನ್ನಿಗೆ ‘ವಿರಾಮ ಚಿಹ್ನೆ (‘ಕ್’ನಲ್ಲಿ ಇರುವ ಹಾಗೆ ಸ್ವರ ತೆಗೆಯುವ ಗುರುತು) ಮತ್ತು ವ್ಯಂಜನ’ ಎಷ್ಟು ಸಲ ಬಂದರೂ ಅಷ್ಟೂ, ಆಮೇಲೆ ಇದ್ದರೆ ಒಂದು ಸ್ವರಚಿಹ್ನೆ ಇಲ್ಲವೇ ಕೊನೆಯ ವಿರಾಮ, ಆಮೇಲೆ ಇದ್ದರೆ ಅನುಸ್ವಾರ ಅಥವಾ ವಿಸರ್ಗ. ಬಿಡಿ ಸ್ವರವಾದರೆ ಅದು ಮತ್ತು ಅದರ ಅನುಸ್ವಾರ. ಇದಿಷ್ಟನ್ನು ಅಕ್ಷರಗಳ ವಿನ್ಯಾಸ ಹುಡುಕುವ ಸೂತ್ರವಾದ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಬರೆಯಬಹುದು. ಬಂದ ತುಂಡುಗಳ ಪಟ್ಟಿಯನ್ನು ತಿರುಗಿಸಿ ಹೋಲಿಸಿ, ಪದವನ್ನಲ್ಲ. ಸಿದ್ಧ ಲೈಬ್ರರಿ ಬಳಸುವುದಾದರೆ ‘ಕ್ಯೋ’ವನ್ನು ‘ಕ್’ ಮತ್ತು ‘ಯೋ’ ಅಂತ ಒಡೆಯುತ್ತದೋ ನೋಡಿಕೊಳ್ಳಿ, ಒತ್ತಕ್ಷರದಲ್ಲಿ ಎಡವುವವೇ ಹೆಚ್ಚು.

ಪದಬಂಧಪ್ರಿಯ:
ಇನ್ನು ವಾಕ್ಯ ಕಟ್ಟುವ ಕೆಲಸ. ಸುಲಭದ ಚೌಕಟ್ಟು ‘ನವ … ವನ’. ನಡುವೆ ತಿರುಗುವ ಯಾವ ಊರನ್ನಾದರೂ ಇಡಿ: ನವ ಗದಗ ವನ, ನವ ಸಿರಸಿ ವನ, ನವ ಮನಾಮ ವನ. ಉದ್ಯಾನಕ್ಕೆ ಇಡಬಹುದಾದ ಹೆಸರುಗಳು.

ಉಚ್ಚಾರದ ಹಿಂದೆ:
ಎಲ್ಲ ಊರಿಗೂ ಹೊಂದುವ ಅಂಗಿ ಯಾವ ಊರಿನದ್ದೂ ಅಲ್ಲ. ಊರಿನ ಅಕ್ಷರಗಳು ಪಕ್ಕದ ಪದಗಳೊಳಗೆ ಕರಗಿದರೆ ಅದು ನಿಜವಾದ ಕಟ್ಟಡ. ಇದನ್ನು ನೋಡಿ: ‘ನಮಗದ ಗಮನ’. ನ-ಮ-ಗ-ದ-ಗ-ಮ-ನ. ನಮಗೆ ಗಮನ ಇದೆ ಅಂತ ಉತ್ತರ ಕರ್ನಾಟಕದ ಮಾತು. ನಡುವಿನ ಮೂರಕ್ಷರ ಓದಿ, ಪದಗಳ ಗಡಿ ದಾಟಿ ಗದಗ ಕೂತಿದೆ.

ಬೆಟಗೇರಿ ದಾರಿ:
ಭಾಳ ಛಲೋ ಐತಿ. ಆದರ ಒಂದು ಕೊರತಿ: ಗದಗ ಸೀಮ್ಯಾಗ ಹೆಚ್ಚಿಗಿ ಕೇಳೂದು ‘ನಮಗೈತಿ’. ‘ನಮಗದ’ ವಿಜಯಪುರ, ಕಲಬುರಗಿ ಕಡೆ ಹೆಚ್ಚು. ಗದಗಿನ ಹೆಸರು ಅಡಗಿಸಿದ ವಾಕ್ಯ ಗದಗಿನ ಮಾತಿನ್ಯಾಗ ಇದ್ದರ ಪೂರ್ತಿ ಆಗ್ತದ.

ಉಚ್ಚಾರದ ಹಿಂದೆ:
ನಿಜ. ‘ಐತಿ’ ಇಟ್ಟರೆ ‘ತಿಐ’ ಎಲ್ಲಿಂದ ತರುವುದು! ಸ್ವರದಿಂದ ಶುರುವಾಗುವ ಅಕ್ಷರ ಪದದ ನಡುವೆ ಬರುವುದಿಲ್ಲ. ವಿಭಕ್ತಿ ಪ್ರತ್ಯಯಗಳದ್ದೂ ಇದೇ ಕಷ್ಟ. ‘ಗದಗಕ್ಕೆ’ ಅಂದರೆ ‘ಕ್ಕೆ’ಯಿಂದ ಶುರುವಾಗುವ ಪದ ಬೇಕು, ‘ಗದಗದಲ್ಲಿ’ ಅಂದರೆ ‘ಲ್ಲಿ’ಯಿಂದ. ಒತ್ತಕ್ಷರದ ಪ್ರತ್ಯಯ ಎಲ್ಲವೂ ಹೊರಗೆ. ಉಳಿಯುವುದರಲ್ಲಿ ಸುಲಭದ್ದು ಷಷ್ಠಿ: ‘ಗದಗದ’.

ಬೆಟಗೇರಿ ದಾರಿ:
ಷಷ್ಠಿ ಅಂದಿರಿ, ಅಲ್ಲೇ ಐತಿ ನೋಡ್ರಿ. ‘ಗದಗದ’ ತಿರುಗಿಸಿದರ ‘ದಗದಗ’. ಅದರ ಮೊದಲ ಮೂರಕ್ಷರ ‘ದಗದ’, ನಮ್ಮ ಕಡೆ ಕೆಲಸಕ್ಕ ಅನ್ನೂ ಮಾತು, ಅದೂ ತಿರುಗತೈತಿ. ‘ಗದಗದ ದಗದ’ ಅಂದರ ಗದಗದ ಕೆಲಸ. ಕಡೀಕ ಒಂದು ‘ಗ’ ಕಡಿಮಿ ಬಿತ್ತು.

ಪದಬಂಧಪ್ರಿಯ:
ಆ ‘ಗ’ದಿಂದ ಶುರುವಾಗುವ ಪದ ಇಟ್ಟು, ಅದರ ಉಳಿದದ್ದನ್ನು ತಿರುಗಿಸಿ ಎಡಕ್ಕೆ ಹಾಕಿದರೆ ತೂಕ ಸರಿಹೋಗುತ್ತದೆ. ‘ಗಮನ’ ಇಡಿ, ಎಡಕ್ಕೆ ‘ನಮ’ ಬರುತ್ತದೆ: ‘ನಮ ಗದಗದ ದಗದ ಗಮನ’. ಹನ್ನೆರಡು ಅಕ್ಷರ. ‘ನಮ’ ಅನ್ನುವುದು ‘ನಮ್ಮ’ದ ಕುಗ್ಗಿದ ರೂಪ, ಅಷ್ಟು ಸಲುಗೆ ಕೊಡುತ್ತೀರಾ?

ಅಕ್ಷರಗಣಿತ:
ಕೊಡಲಾರೆ. ಬರಹದಲ್ಲಿ ‘ನಮ್ಮ’ ಅಂತಲೇ ಇರಬೇಕು. ಹಾಗೆ ಇಟ್ಟರೆ ಬಲತುದಿ ‘ಗಮ್ಮನ’ ಆಗುತ್ತದೆ. ಸುಮ್ಮನೆಗೆ ‘ಸುಮ್ಮನ’ ಅನ್ನುವ ಹಾಗೆ ಗಮ್ಮನೆಗೆ ‘ಗಮ್ಮನ’ ಅನ್ನಬಹುದೇ?

ಬೆಟಗೇರಿ ದಾರಿ:
ಅನ್ನಬಹುದಲ್ಲ, ಹಂಗ ಅಂತಾರ. ಘಮ ಅನ್ನೂದನ್ನ ಮಹಾಪ್ರಾಣ ಬಿಟ್ಟು ಗಮ ಅನ್ನೂದೂ ಕನ್ನಡದ ರೂಢೀನ. ಹಂಗಾದರ ವಾಕ್ಯ ಇದು:

ನಮ್ಮ ಗದಗದ ದಗದ ಗಮ್ಮನ.

ಕೋಡ್ ಕನ್ನಡ:
ಬಿಡಿಸಿ ನೋಡಿದೆ: ನ, ಮ್ಮ, ಗ, ದ, ಗ, ದ, ದ, ಗ, ದ, ಗ, ಮ್ಮ, ನ. ಆರು ಮತ್ತು ಆರು, ಎರಡು ‘ದ’ಗಳ ನಡುವೆ ಮಡಿಕೆ ಬೀಳುತ್ತದೆ. ಸರಿಯಾಗಿದೆ.